ಮೂಗಯ್ಯನ ಒಂಬತ್ತು ಸೀಟು

ಮಾರ್ಚ್ 3, ಸೋಮವಾರ

ನನ್ನ ಮೂಗಿನ ಕಥೆಯನ್ನು ಮೊದಲು ಹೇಳಿದವರು ನಮ್ಮ ಅತ್ತಿಗೆ. ಆರು ವರ್ಷದ ಹಿಂದೆ, ಅಣ್ಣ ತೀರಿಕೊಂಡ ಮೇಲೆ ನಮ್ಮ ಸೈಕಲ್ ಸೀಟು ರಿಪೇರಿ ಅಂಗಡಿಯ ಬಾಗಿಲು ಮತ್ತೆ ತೆಗೆದ ದಿನ, ಮಧ್ಯಾಹ್ನದ ಹೊತ್ತು, ಹೊರಗಿನ ಬೆಂಚಿನ ಮೇಲೆ ಕೂತು ಹೇಳಿದರು. ಒಂದೇ ಸೈಕಲ್ಲನ್ನು ತನ್ನದು ತನ್ನದು ಎಂದು ಲಾಂಡ್ರಿಯವನೂ ಗಾರೆಯವನೂ ಜಗಳವಾಡಿಕೊಂಡು ನಮ್ಮಲ್ಲಿಗೆ ಬಂದರಂತೆ. ನಾನು ಸೀಟಿನ ಅಡಿಯಿಂದ ಉಗುರಿನಷ್ಟು ಚೂರು ಕೆತ್ತಿ, ಬೆಂಕಿಗೆ ಹಿಡಿದು, ಮೂಸಿ, ಕಣ್ಣು ಮುಚ್ಚಿಕೊಂಡು, "ಇದರ ಮೇಲೆ ಹನ್ನೊಂದು ವರ್ಷ ಸೋಪಿನ ಕೈಯವನು ಕೂತಿದ್ದಾನೆ" ಅಂದೆನಂತೆ. ಗಾರೆಯವನು ಚಪ್ಪಲಿ ಬಿಟ್ಟು ಓಡಿದನಂತೆ.

ನಿಜವಾಗಿ ಆದದ್ದು ಇಷ್ಟು. ಸೀಟಿನ ಅಡಿಯ ಸ್ಪ್ರಿಂಗಿನಲ್ಲಿ ಸೋಪಿನ ಪುಡಿ ಗಟ್ಟಿಯಾಗಿ ಕೂತಿತ್ತು. ಕಣ್ಣಿದ್ದ ಯಾರಿಗಾದರೂ ಕಾಣುತ್ತಿತ್ತು. ಆದರೆ ಅತ್ತಿಗೆಯ ಬಾಯಿಗೆ ಬಿದ್ದ ಸಂಗತಿ ಬರಿಗೈಯಲ್ಲಿ ಹೊರಗೆ ಬರುವುದಿಲ್ಲ. ವರ್ಷ ವರ್ಷವೂ ಅದಕ್ಕೆ ಹೊಸ ಬಟ್ಟೆ. ಹನ್ನೊಂದು ವರ್ಷ ಈಗ ಹತ್ತೊಂಬತ್ತಾಗಿದೆ, ನಡುವೆ ಒಬ್ಬ ವಕೀಲನೂ ಬಂದಿದ್ದಾನೆ. ಆ ಕಥೆಯಿಂದಲೇ ನಾನು ಮೂಗಯ್ಯನಾದೆ. ಹೊಸ ಸೀಟು ಎಲ್ಲಾ ಅಂಗಡಿಯಲ್ಲೂ ಸಿಗುವ ಕಾಲದಲ್ಲಿ ಹಳೆಯ ಪ್ಲಾಸ್ಟಿಕ್ ಸೀಟು ಹೊತ್ತುಕೊಂಡು ಜನ ನಮ್ಮಲ್ಲಿಗೆ ಬರುವುದೂ ಆ ಕಥೆಯಿಂದಲೇ.

ಈಗ ಆ ಮೂಗು ಇಲ್ಲ. ಜ್ವರ ಬಂದು ಹೋಯಿತು, ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋಯಿತು. ಇವತ್ತಿಗೆ ಹದಿನಾರನೇ ದಿನ. ಬೆಳಿಗ್ಗೆ ಸೋಪು ಮೂಸಿದೆ. ಇಲ್ಲ. ಸೀಮೆಎಣ್ಣೆ. ಇಲ್ಲ. ಈರುಳ್ಳಿ ಹೆಚ್ಚಿಕೊಂಡೆ, ಕಣ್ಣಲ್ಲಿ ನೀರು ಬಂತು, ಮೂಗಿಗೆ ಏನೂ ಬರಲಿಲ್ಲ. ಡಾಕ್ಟರು, "ಬಂದರೂ ಬರಬಹುದು, ಬರದೆಯೂ ಇರಬಹುದು, ಕಾಯಬೇಕು" ಎಂದರು. ಅಷ್ಟನ್ನು ನಾನೇ ಹೇಳಿಕೊಳ್ಳಬಹುದಿತ್ತು.

ಯಾರಿಗೂ ಹೇಳುವ ಹಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮಾರ್ಚ್ 5, ಬುಧವಾರ

ಹದಿನೆಂಟನೇ ದಿನ. ಸೋಪು ಇಲ್ಲ.

ಹಳೆಯ ಸೀಟುಗಳಲ್ಲಿ ನಮ್ಮ ಲೆಕ್ಕಕ್ಕೆ ಎರಡೇ ಜಾತಿ. ಸುಟ್ಟರೆ ಮೇಣದಬತ್ತಿ ಆರಿಸಿದ ವಾಸನೆ ಬರುವುದು ಒಂದು, ಕೂದಲು ಸುಟ್ಟ ವಾಸನೆ ಬರುವುದು ಇನ್ನೊಂದು. ಮೇಣ, ಕೂದಲು ಎಂದೇ ನಾವು ಕರೆಯುವುದು. ಬಿರುಕು ಬಿಟ್ಟ ಸೀಟನ್ನು ಬೆಸೆಯಲು ಸತ್ತ ಸೀಟುಗಳಿಂದ ಕಡ್ಡಿ ಕತ್ತರಿಸಿ ಎರಡು ಡಬ್ಬಿಯಲ್ಲಿ ಇಟ್ಟಿದ್ದೇನೆ. ಮೇಣಕ್ಕೆ ಮೇಣದ ಕಡ್ಡಿ, ಕೂದಲಿಗೆ ಕೂದಲ ಕಡ್ಡಿ. ಅದಲುಬದಲಾದರೆ ಬೆಸುಗೆ ನೋಡಲು ಚೆನ್ನಾಗಿಯೇ ಇರುತ್ತದೆ, ಒಳಗೆ ಹಿಡಿದಿರುವುದಿಲ್ಲ. ಕಣ್ಣಿಗೆ ಎರಡೂ ಕಪ್ಪು, ಬೆರಳಿಗೆ ಎರಡೂ ನುಣುಪು. ಮೂಗೊಂದೇ ಹೇಳಬೇಕು.

ಎರಡು ದಿನ ಯೋಚಿಸಿ ಒಂದು ದಾರಿ ಹುಡುಕಿದೆ. ಮೇಣದ ಚೂರು ನೀರಿನಲ್ಲಿ ತೇಲುತ್ತದೆ, ಕೂದಲಿನದು ಮುಳುಗುತ್ತದೆ. ಬೆಸುಗೆ ಮಾಡುವ ಮೂಲೆಯ ಪರದೆಯ ಹಿಂದೆ ಒಂದು ಬಟ್ಟಲು ನೀರು ಇಟ್ಟುಕೊಂಡೆ. ಗಿರಾಕಿಯ ಎದುರು ಚೂರು ಸುಟ್ಟು ಮೂಸಿದಂತೆ ಮಾಡುವುದು, ಆಮೇಲೆ ಹಿಂದೆ ಹೋಗಿ ಇನ್ನೊಂದು ಚೂರನ್ನು ನೀರಿಗೆ ಹಾಕುವುದು. ಲೈಬ್ರರಿ ಮೇಡಂ ಸೀಟು ಹಾಗೇ ಮಾಡಿದೆ. ತೇಲಿತು. ಅವರು ನನ್ನ ಮೂಗನ್ನು ಪಕ್ಕದವರಿಗೆ ತೋರಿಸಿದರು, ಊರಿಗೆ ಬಂದವರಿಗೆ ಹೊಸ ಸೇತುವೆ ತೋರಿಸುವ ಹಾಗೆ.

ಐವತ್ತೆಂಟನೇ ವಯಸ್ಸಿಗೆ ನಾಟಕ ಕಲಿಯುತ್ತಿದ್ದೇನೆ. ಸುಸ್ತು.

ಮಾರ್ಚ್ 9, ಭಾನುವಾರ

ಇಪ್ಪತ್ತೆರಡು. ಇಲ್ಲ.

ಒಲೆಯ ಮೇಲೆ ಹಾಲು ಉಕ್ಕಿ, ಸುರಿದು, ಪಾತ್ರೆ ತಳ ಹಿಡಿಯುವವರೆಗೂ ನಾನು ಪಕ್ಕದ ಕುರ್ಚಿಯಲ್ಲೇ ಪೇಪರ್ ಓದುತ್ತಿದ್ದೆ. ಅತ್ತಿಗೆ ಹಿತ್ತಿಲಿನಿಂದ ಓಡಿ ಬಂದು, "ಓದೋದು ಓದು, ಪುಟಾನಾದ್ರೂ ತಿರುವು" ಎಂದರು. ನಾನು ಕಿವಿ ಮಂದವಾಗಿದೆ ಎಂದೆ. ಹಾಲು ಉಕ್ಕುವುದಕ್ಕೂ ಕಿವಿಗೂ ಏನು ಸಂಬಂಧ ಎಂದು ಆಮೇಲೆ ಹೊಳೆಯಿತು. ಅವರು ಏನೂ ಕೇಳಲಿಲ್ಲ. ಪಾತ್ರೆಯನ್ನು ದಿನವಿಡೀ ಉಜ್ಜಿದರು. ಅವರ ಬಳೆಯ ಸದ್ದಿಗೆ ತಲೆನೋವು ಬಂತು.

ಮಾರ್ಚ್ 14, ಶುಕ್ರವಾರ

ಇಪ್ಪತ್ತೇಳು. ಸೋಪು, ಸೀಮೆಎಣ್ಣೆ, ಹೊಸದಾಗಿ ಬೂಟ್ ಪಾಲಿಶ್. ಯಾವುದೂ ಇಲ್ಲ. ಊಟ ರಟ್ಟು ಅಗಿದ ಹಾಗೆ.

ಬ್ರೆಡ್ಡಣ್ಣ ಬಂದ. ಇಪ್ಪತ್ತು ವರ್ಷದಿಂದ ಬೆಳಿಗ್ಗೆ ಆರಕ್ಕೆ ಮನೆಮನೆಗೆ ಬ್ರೆಡ್ಡು ಹಾಕುವವನು. ನೂರ ಹತ್ತು ಕೆಜಿ ಇದ್ದಾನೆ. ಆ ಅಗಲದ ಸೀಟು ಈಗ ಯಾರೂ ಮಾಡುವುದಿಲ್ಲ. ಬಿಸಿಲಿಗೆ ಬೂದಿಯಂತೆ ಬೆಳ್ಳಗಾಗಿ, ಹಿಂದಿನ ಬೋಲ್ಟಿನ ತೂತಿನಿಂದ ನಡುವಿನವರೆಗೂ ಬಿರುಕು ಬಿಟ್ಟಿತ್ತು.

"ಉಳೀತದಾ?" ಎಂದ, ಆಸ್ಪತ್ರೆ ಬಾಗಿಲಲ್ಲಿ ಕೇಳುವ ಹಾಗೆ.

"ನೋಡೋಣ."

"ಇದು ಹೋದ್ರೆ ನಾನು ನಿಂತ್ಕೊಂಡೇ ತುಳೀಬೇಕು. ಹೊಸ ಸೀಟಲ್ಲಿ ನನ್ನ ಅರ್ಧ ಭಾಗಕ್ಕೆ ಮಾತ್ರ ಜಾಗ. ಇನ್ನರ್ಧ ಮನೇಲೇ ಬಿಟ್ಟು ಬರಕ್ಕಾಗತ್ತಾ?"

ಅತ್ತಿಗೆ ಬಿದ್ದು ಬಿದ್ದು ನಕ್ಕರು. ನಕ್ಕು ಮುಗಿಸಿ, ಬೆಂಚಿನ ಮೇಲೆ ಯಾರೋ ಹೊಸಬರು ಕೂತಿದ್ದನ್ನು ಕಂಡು ಲಾಂಡ್ರಿಯವನ ಕಥೆ ಶುರು ಮಾಡಿದರು. ಈಚೆಗೆ ದಿನಕ್ಕೆ ಎರಡು ಸಲ ಹೇಳುತ್ತಿದ್ದಾರೆ. ಕೇಳಲಾಗದೆ ಪರದೆಯ ಹಿಂದೆ ಹೋದೆ.

ಚೂರು ನೀರಿಗೆ ಹಾಕಿದೆ. ತೇಲಿತು. ಮೇಣದ ಕಡ್ಡಿ ತೆಗೆದುಕೊಂಡೆ. ಕಡ್ಡಿ ಬೇಗ ಕರಗಿತು, ಸೀಟು ಮಾತ್ರ ಬಿಸಿಗಾಳಿಯ ಗನ್ನಿಗೂ ಜಗ್ಗಲಿಲ್ಲ. ಗನ್ನಿನ ಶಾಖ ಜಾಸ್ತಿಯಾಗಿರಬೇಕು ಎಂದುಕೊಂಡೆ. ಅಡಿಯಲ್ಲಿ ತಂತಿಯ ಬಲೆ ಕೂರಿಸಿ, ಮೇಲೆ ಸ್ಯಾಂಡ್ ಪೇಪರ್ ಹೊಡೆದು, ಕೊನೆಗೆ ಬಿಸಿಗಾಳಿಯನ್ನು ಮೆಲ್ಲಗೆ ಸವರಿದೆ. ಆ ಬಿಳುಪೆಲ್ಲ ಕರಗಿ ಒಳಗಿನ ಕಪ್ಪು ಮೇಲೆ ಬರುತ್ತದಲ್ಲ, ಅದೊಂದು ಗಳಿಗೆಗೆ ಈಗಲೂ ಮನಸ್ಸು ಹಗುರಾಗುತ್ತದೆ. ಬ್ರೆಡ್ಡಣ್ಣ ಸೀಟನ್ನು ಕೂಸಿನ ಹಾಗೆ ಎತ್ತಿಕೊಂಡು ಹೋದ.

ಮಾರ್ಚ್ 21, ಶುಕ್ರವಾರ

ಮೂವತ್ತನಾಲ್ಕು. ಇಲ್ಲ. ಮಲಗಬೇಕು.

ಮಾರ್ಚ್ 25, ಮಂಗಳವಾರ

ಬ್ರೆಡ್ಡಣ್ಣ ಬಿದ್ದ.

ಆಸ್ಪತ್ರೆಯ ಇಳಿಜಾರಿನ ತಿರುವಿನಲ್ಲಿ ಸೀಟು ಕೆಳಗಿನಿಂದ ಎರಡಾಗಿ ಸೀಳಿತಂತೆ. ಕತ್ತಿನ ಕೆಳಗಿನ ಎಲುಬು ಮುರಿದಿದೆ. ಮೂಳೆ ಕೂಡಲು ಆರು ವಾರ. ಅಂಚೆಯಣ್ಣ ಸೀಟಿನ ಎರಡು ತುಂಡುಗಳನ್ನು ಚೀಲದಲ್ಲಿ ತಂದು ಕೊಟ್ಟ. "ಪಾಪ, ಬ್ರೆಡ್ಡೆಲ್ಲ ಚರಂಡಿ ಪಾಲು" ಎಂದ. ಅವನು ಕೂತುಕೊಂಡು ಬಂದಿದ್ದ ಸೀಟೂ ಈ ತಿಂಗಳು ನಾನೇ ಮಾಡಿದ್ದು. ಅವನು ಮತ್ತೆ ಅದರ ಮೇಲೆ ಹತ್ತಿ ಹೋಗುವುದನ್ನು ರಸ್ತೆಯ ತುದಿಯವರೆಗೂ ನೋಡಿದೆ.

ಮಧ್ಯಾಹ್ನ ಬ್ರೆಡ್ಡಣ್ಣನ ಮನೆಗೆ ಹೋದೆ. ಕೈಗೆ ಜೋಳಿಗೆಯಂತೆ ಬಟ್ಟೆ ಕಟ್ಟಿಕೊಂಡು ಗೋಡೆಗೆ ಒರಗಿ ಕೂತಿದ್ದ. ಬೈಸಿಕೊಳ್ಳಲು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅವನು ನನ್ನನ್ನು ನೋಡಿದ್ದೇ, "ನಿಂಗೆ ಕೆಟ್ಟ ಹೆಸರು ತಂದ್ಬಿಟ್ಟೆ ಕಣಯ್ಯ" ಎಂದ.

"ನೀನಾ?"

"ಮತ್ತೆ? ನೀನು ಬೆಸೆದ ಸೀಟು ಮುರೀತು ಅಂದ್ರೆ ತಪ್ಪು ಸೀಟಿಂದಲ್ಲ, ಮೇಲೆ ಕೂತಿದ್ದ ಮೂಟೇದು. ನಿನ್ನೆ ಮೊನ್ನೆಯಿಂದಲ್ಲ, ಇವಳು ಹತ್ತು ವರ್ಷದಿಂದ ಹೇಳ್ತಾನೇ ಇದ್ದಾಳೆ, ಕಡಿಮೆ ಮಾಡ್ರೀ, ಕಡಿಮೆ ಮಾಡ್ರೀ ಅಂತ. ಇವತ್ತಿಂದ ಬ್ರೆಡ್ಡು ಬಂದ್."

ಅವನ ಹೆಂಡತಿ ತಟ್ಟೆಯಲ್ಲಿ ಸೌತೆಕಾಯಿ ಹೋಳು ತಂದಿಟ್ಟಳು. ಅವನು ಅದನ್ನು ನೋಡಿದ ರೀತಿ ನೋಡಲಾಗಲಿಲ್ಲ. ಎದ್ದು ಬಂದೆ.

ಮಾರ್ಚ್ 26, ಬುಧವಾರ

ಮುರಿದ ತುಂಡಿನಿಂದ ಚೂರು ಕೆತ್ತಿ ನೀರಿಗೆ ಹಾಕಿದೆ. ತೇಲಿತು. ಮನಸ್ಸಿಗೆ ಸಮಾಧಾನವಾಗಲಿಲ್ಲ. ಚೂರನ್ನು ಬೆರಳಿನಲ್ಲಿ ಹೊಸಕಿ ನೋಡಿದೆ, ಜಿಡ್ಡು. ಇಪ್ಪತ್ತು ವರ್ಷ ಬೆಣ್ಣೆ ಹಚ್ಚಿದ ಕೈಯಲ್ಲಿ ಒರೆಸಿ, ಎಣ್ಣೆ ಸವರುತ್ತಾ ಬಂದ ಸೀಟು ಅದು. ಎಣ್ಣೆ ಕುಡಿದ ತೆಳು ಚೂರು ನೀರಿನ ಮೇಲೆ ಎಲೆಯಂತೆ ಕೂತುಬಿಟ್ಟಿತ್ತು. ನೀರಿಗೆ ಎರಡು ತೊಟ್ಟು ಸೋಪು ಬಿಟ್ಟೆ. ಚೂರು ಒಂದು ಸಲ ಹೊರಳಿ, ನೇರ ತಳಕ್ಕೆ ಹೋಯಿತು.

ಕೂದಲು. ಕೂದಲಿಗೆ ಮೇಣ ಹಚ್ಚಿ ಕಳಿಸಿದ್ದೇನೆ. ಅವತ್ತು ಕಡ್ಡಿ ಬೇಗ ಕರಗಿದಾಗಲೇ ಸೀಟು ಕೂಗಿ ಹೇಳಿತ್ತು. ನಾನು ಗನ್ನನ್ನು ಬೈದೆ.

ಬಟ್ಟಲಿನ ನೀರು ನಂಬಿ ಮಾಡಿದ್ದು ಒಟ್ಟು ಒಂಬತ್ತು ಸೀಟು. ಎಲ್ಲವೂ ಎಣ್ಣೆ ಕುಡಿದ ಹಳೆಯವೇ. ಒಂದು ಮುರಿದಿದೆ. ಎಂಟು ರಸ್ತೆಯ ಮೇಲೆ ಓಡಾಡುತ್ತಿವೆ. ಅವುಗಳಲ್ಲಿ ನರ್ಸಮ್ಮನದೂ ಒಂದು. ದಿನಾ ಅದೇ ಇಳಿಜಾರಿನಲ್ಲಿ, ಹಿಂದೆ ಕ್ಯಾರಿಯರ್ ಮೇಲೆ ಮಗಳನ್ನು ಕೂರಿಸಿಕೊಂಡು ಹೋಗುತ್ತಾರೆ.

ಮಾರ್ಚ್ 29, ಶನಿವಾರ

ಮೂರು ದಿನ ಒಬ್ಬೊಬ್ಬರ ಬಾಗಿಲಿಗೂ ಹೋಗಿ ಸುಳ್ಳು ಹೇಳಿದೆ. "ಸೀಟು ಒಂದಿನ ಕೊಡಿ, ಇನ್ನೊಂದು ಸಲ ಪಾಲಿಶ್ ಹಾಕ್ಕೊಡ್ತೀನಿ, ಸುಮ್ನೆ" ಎಂದು. ಸುಮ್ಮನೆ ಎನ್ನುವ ಮಾತು ಯಾರನ್ನೂ ಎಬ್ಬಿಸುವುದಿಲ್ಲ. ಎಂಟರಲ್ಲಿ ಎರಡು ಬಂದವು. ಸೋಪಿನ ನೀರಿನಲ್ಲಿ ನೋಡಿದೆ, ಎರಡೂ ಸರಿಯಾಗಿಯೇ ಇದ್ದವು. ಉಳಿದ ಆರು ಬರಲಿಲ್ಲ.

ಲೈಬ್ರರಿ ಮೇಡಂ, "ನೀವು ಮೂಸಿ ಮಾಡಿದ್ದಕ್ಕೆ ಮತ್ತೆ ಪಾಲಿಶ್ ಯಾಕೆ, ಬಿಡಿ" ಎಂದರು. ಅಂಚೆಯಣ್ಣ, "ನಿಂಗೆ ಕೆಲಸ ಕಡಿಮೆಯಾಗಿದ್ಯಾ?" ಎಂದು ನಕ್ಕ. ನರ್ಸಮ್ಮ ಡ್ಯೂಟಿಗೆ ಹೊರಟಿದ್ದರು. "ಬ್ರೆಡ್ಡಣ್ಣಂಗೆ ನಾನೇ ಡ್ರೆಸ್ಸಿಂಗ್ ಮಾಡಿದ್ದು. ಅವ್ರು ಆ ತೂಕಕ್ಕೆ ಬಿದ್ರು, ನಂಗೇನಾಗತ್ತೆ? ಮೂಗಯ್ಯನ ಸೀಟು ಇದು" ಎಂದು ಸೀಟನ್ನು ತಟ್ಟಿ, ಮಗಳನ್ನು ಹಿಂದೆ ಹತ್ತಿಸಿಕೊಂಡು ಹೊರಟೇ ಹೋದರು.

ಅತ್ತಿಗೆಯ ಕಥೆ ಅಷ್ಟು ಚೆನ್ನಾಗಿದೆ. ಅದರ ಎದುರು ನನ್ನ ಪಾಲಿಶ್ ನಿಲ್ಲುವುದಿಲ್ಲ.

ನಲವತ್ತೆರಡನೇ ದಿನ ಇರಬೇಕು. ಸೋಪು ಮೂಸಲಿಲ್ಲ. ಹೊತ್ತು ಸಿಗಲಿಲ್ಲ.

ಮಾರ್ಚ್ 31, ಸೋಮವಾರ

ಹೇಳಿಯೇ ಬಿಡೋಣವೆಂದು ಬ್ರೆಡ್ಡಣ್ಣನ ಮನೆಗೆ ಹೋದೆ. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹಾಕುತ್ತಿದ್ದ. ಒಂದೇ ಕೈಯಲ್ಲಿ, ಹಲ್ಲಿನಿಂದ ಬೆಲ್ಟು ಕಚ್ಚಿಕೊಂಡು. ಮುಖ ಇಳಿದಿತ್ತು.

"ಮೂರು ಕೆಜಿ ಹೋಯ್ತು. ಬೆಳಿಗ್ಗೆ ಬ್ರೆಡ್ಡಿನ ಗಾಡಿ ಈ ಕಡೆ ಬಂದ್ರೆ ಕಿಟಕಿ ಹಾಕ್ಕೋತೀನಿ. ಇನ್ನು ಹದಿನೈದು ಕಡಿಮೆ ಮಾಡ್ಕೊಂಡು ನಿನ್ನ ಹತ್ರ ಬರ್ತೀನಿ, ಆಗ ನನ್ನ ಸೀಟು ಮಾಡ್ಕೊಡು. ಈಗ ಬೇಡ. ಈಗ ಕೊಟ್ರೆ ಮತ್ತೆ ಮುರೀತೀನಿ."

ಹೇಳಲಿಲ್ಲ.

ಏಪ್ರಿಲ್ 2, ಬುಧವಾರ

ಬೆಳಿಗ್ಗೆಯಿಂದ ಅಂಗಡಿ ತೆಗೆಯದೆ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಅತ್ತಿಗೆ ಬಂದು ಹೊಸ್ತಿಲಲ್ಲಿ ನಿಂತರು. ಸೊಂಟದ ಮೇಲೆ ಕೈ.

"ಎಷ್ಟು ದಿನ ಇದು?"

"ಯಾವುದು ಅತ್ತಿಗೆ?"

"ನಿನ್ನ ಮೂಗು."

ಅವರು ಬಂದು ಬೆಂಚಿನ ಆ ತುದಿಯಲ್ಲಿ ಕೂತರು.

"ಹಾಲು ಸೀದು ಬೀದಿಗೆಲ್ಲಾ ವಾಸನೆ ಹೊಡೀತಿತ್ತು. ಮೂರನೇ ಮನೆಯವಳು ಏನ್ರೀ ಅದು ಅಂತ ಕೇಳಿದ್ಳು. ನೀನು ಪಕ್ಕದಲ್ಲೇ ಕೂತು ಪೇಪರ್ ಓದ್ತಿದ್ದೆ. ಅಷ್ಟೂ ಗೊತ್ತಾಗಲ್ವಾ ನಂಗೆ?"

"ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ?"

"ನೀನಾಗೇ ಹೇಳ್ತೀಯ ಅಂತ ಕಾದೆ. ನಿಮ್ಮಣ್ಣನೂ ಹೀಗೇ. ಹಲ್ಲುನೋವು ಅಂತ ಹೇಳಕ್ಕೂ ಒಂದು ವಾರ ಬೇಕು."

"ಮತ್ತೆ ಆ ಲಾಂಡ್ರಿಯವನ ಕಥೆ? ದಿನಕ್ಕೆ ಎರಡೆರಡು ಸಲ?"

ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು. "ಜನ ಬರೋದು ನಿಲ್ಲಬಾರದು ಅಂತ. ನಿನ್ನ ಮೂಗು ವಾಪಸ್ ಬರೋವರೆಗೂ ನಾನು ತಳ್ಳೋಣ ಅಂತ. ಬ್ರೆಡ್ಡಣ್ಣ ಹೀಗೆ ಬೀಳ್ತಾನೆ ಅಂತ ನಂಗೇನು…"

ಆರು ವರ್ಷದಲ್ಲಿ ಅವರು ಮಾತು ಅರ್ಧಕ್ಕೆ ನಿಲ್ಲಿಸಿದ್ದು ಇದೇ ಮೊದಲು. ಬಟ್ಟಲಿನ ವಿಷಯ, ಎಣ್ಣೆ ಚೂರಿನ ವಿಷಯ, ಬ್ರೆಡ್ಡಣ್ಣನ ಸೌತೆಕಾಯಿಯ ವಿಷಯ ಎಲ್ಲ ಹೇಳಿದೆ. ಹೇಳುತ್ತಾ ಹೋದಂತೆ ಅವರ ಮುಖ ಸಣ್ಣದಾಯಿತು.

ಆಮೇಲೆ ಎದ್ದು, "ಒಂದು ಚೂರು ಸುಡು" ಎಂದರು.

ಬೆಂಕಿಯ ಕೆಲಸ ಅಣ್ಣತಮ್ಮಂದಿರದೇ ಎಂಬುದು ಅಣ್ಣನ ಕಾಲದ ಕಟ್ಟುಪಾಡು. ಅತ್ತಿಗೆ ಸೀಟು ತೊಳೆಯುವುದು, ಉಜ್ಜುವುದು, ಬೆಂಚು ಕಾಯುವುದು. ಸುಡುವುದು ನಾವು. ನಾನು ಎರಡೂ ಡಬ್ಬಿಯಿಂದ ಒಂದೊಂದು ಕಡ್ಡಿ ತೆಗೆದು, ಯಾವುದು ಯಾವುದೆಂದು ಹೇಳದೆ ಸುಟ್ಟೆ. ಅವರು ಬಗ್ಗಿ ಮೂಸಿದರು.

"ಇದು ಮೇಣದಬತ್ತಿ. ಇದು, ಥೂ, ಕೂದಲು. ಇದಕ್ಕೇನಾ ನೀವಿಬ್ಬರೂ ಇಪ್ಪತ್ತೈದು ವರ್ಷ ಪರದೆ ಹಾಕ್ಕೊಂಡು ಕೂತಿದ್ದು?"

ಹತ್ತು ಸಲ ನೋಡಿದೆ. ಹತ್ತಕ್ಕೆ ಹತ್ತು.

ಏಪ್ರಿಲ್ 5, ಶನಿವಾರ

ಸಂಜೆ ನಾಲ್ಕಕ್ಕೆ ಎಲ್ಲರನ್ನೂ ಅಂಗಡಿಗೆ ಕರೆದೆವು. ಕರೆದದ್ದು ಅತ್ತಿಗೆ, "ಮೂಗಯ್ಯನ ಹೊಸ ಕಥೆ ಇದೆ, ಬನ್ನಿ" ಎಂದು. ಕಥೆ ಎಂದರೆ ಜನ ಬರುತ್ತಾರೆ, ಪಾಲಿಶ್ ಎಂದರೆ ಬರುವುದಿಲ್ಲ. ಅಂಚೆಯಣ್ಣ, ಲೈಬ್ರರಿ ಮೇಡಂ, ನರ್ಸಮ್ಮ, ಬೀಗದ ರಿಪೇರಿಯವನು, ಟೈಲರ್ ಮತ್ತು ಅವನ ತಮ್ಮ, ಆರೂ ಜನ. ಕೊನೆಗೆ ಬ್ರೆಡ್ಡಣ್ಣ ನಡೆದುಕೊಂಡು ಬಂದು ಬೆಂಚಿನ ತುದಿಯಲ್ಲಿ ಕೂತ. ಬೆಂಚು ಎಂದಿನಂತೆ ಕಿರುಗುಟ್ಟಲಿಲ್ಲ. ಅದು ಎಲ್ಲಕ್ಕಿಂತ ಹೆಚ್ಚು ನೋಯಿಸಿತು.

ನನಗೆ ಕಥೆ ಹೇಳಲು ಬರುವುದಿಲ್ಲ. ಹೇಗೋ ಶುರು ಮಾಡಿದೆ. ಜ್ವರ ಬಂತು, ಮೂಗು ಹೋಯಿತು.

"ಎಲ್ಲಿಗೆ ಹೋಯ್ತು?" ಎಂದ ಟೈಲರ್. ಎಲ್ಲರೂ ನಕ್ಕರು. ತಮಾಷೆಯ ಕಥೆ ಎಂದುಕೊಂಡಿದ್ದರು.

"ಲಾಂಡ್ರಿಯವನ ಸಂಗತೀನೂ ಸುಳ್ಳು" ಎಂದೆ. "ಅಲ್ಲಿ ಸೋಪಿನ ಪುಡಿ ಕಣ್ಣಿಗೇ ಕಾಣ್ತಿತ್ತು."

"ವಕೀಲ?" ಲೈಬ್ರರಿ ಮೇಡಂ ಕೇಳಿದರು.

"ವಕೀಲ ನಂದು" ಎಂದರು ಅತ್ತಿಗೆ. "ಅವನನ್ನ ನಾನೇ ಸೇರಿಸಿದ್ದು."

ಬಟ್ಟಲು ತಂದು ಎಲ್ಲರ ಮುಂದಿಟ್ಟೆ. ಎಣ್ಣೆಯ ಚೂರನ್ನು ನೀರಿಗೆ ಬಿಟ್ಟೆ, ತೇಲಿತು. ಸೋಪು ಬಿಟ್ಟೆ, ಮುಳುಗಿತು. ಆಗ ನಗು ನಿಂತಿತು. ನಿಮ್ಮೆಲ್ಲರ ಸೀಟೂ ಹೀಗೇ ನೋಡಿ ಮಾಡಿದ್ದು ಎಂದೆ. ಯಾವುದು ಸರಿ, ಯಾವುದು ತಪ್ಪು ಎಂದು ನನಗೇ ಗೊತ್ತಿಲ್ಲ ಎಂದೆ. ನರ್ಸಮ್ಮ ಎದ್ದು ಹೋಗಿ ತಮ್ಮ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತಿದ್ದ ಮಗಳನ್ನು ಎತ್ತಿ ಕೆಳಗೆ ಇಳಿಸಿದರು.

ಬ್ರೆಡ್ಡಣ್ಣನ ಕಡೆ ತಿರುಗಿ, "ನಿನ್ನ ತೂಕ ಕಾರಣ ಅಲ್ಲ. ನಾನು ತಪ್ಪು ಕಡ್ಡಿ ಹಾಕಿದೆ. ಹನ್ನೊಂದು ದಿನದಿಂದ ಗೊತ್ತು, ಹೇಳಲಿಲ್ಲ" ಎಂದೆ. ಅವನು ಬಟ್ಟಲಿಗೆ ಬಗ್ಗಿ ತಳದ ಚೂರನ್ನು ನೋಡಿದ. ಆಮೇಲೆ, "ಹನ್ನೊಂದು ದಿನ ಸೌತೆಕಾಯಿ" ಎಂದ. ಯಾರೂ ನಗಲಿಲ್ಲ. ಅವನೂ ತಮಾಷೆಗೆ ಹೇಳಿದ್ದಲ್ಲ. ಎದ್ದು ಹೋದ. ಅವನ ಹಿಂದೆಯೇ ಬೀಗದವನು, "ನಿನ್ನ ಮನೆ ಬೀಗ ರಿಪೇರಿಗೆ ಬಂದ್ರೆ ಇನ್ನು ನಾನೂ ಅದನ್ನ ನೀರಿಗೆ ಹಾಕಿ ನೋಡ್ತೀನಿ" ಎಂದು ಚುಚ್ಚಿ ಹೊರಟ. ಉಳಿದವರೂ ಒಬ್ಬೊಬ್ಬರಾಗಿ ಹೋದರು. ಅತ್ತಿಗೆ ಬಟ್ಟಲಿನ ನೀರನ್ನು ಚರಂಡಿಗೆ ಚೆಲ್ಲಿ, ಅದನ್ನು ಒರೆಸಿ, ಅಡುಗೆಮನೆಗೆ ಒಯ್ದರು.

ಏಪ್ರಿಲ್ 6, ಭಾನುವಾರ

ನಿನ್ನೆ ಬಂದಿದ್ದವರು ಇವತ್ತು ಬೆಳಿಗ್ಗೆ ಮಾಡಿದ್ದು ಬರೆದಿಡುತ್ತೇನೆ.

ಏಳು ಗಂಟೆಗೆ ಬಾಗಿಲು ತೆಗೆದಾಗ ಲೈಬ್ರರಿ ಮೇಡಂ ಸೈಕಲ್ಲು ತಳ್ಳಿಕೊಂಡು ಬರುತ್ತಿದ್ದರು. ಅವರ ಹಿಂದೆ ಟೈಲರ್, ಅವನ ತಮ್ಮ. ಅವರೂ ತಳ್ಳಿಕೊಂಡೇ. ನರ್ಸಮ್ಮ ಸೀಟನ್ನು ಮನೆಯಲ್ಲೇ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ನಡೆದು ಬಂದರು, ಮಗಳ ಕೈಯಲ್ಲಿ ಬೋಲ್ಟು ನಟ್ಟು. ಅಂಚೆಯಣ್ಣನಿಗೆ ತಳ್ಳುವ ತಾಳ್ಮೆ ಇರಲಿಲ್ಲ, ಪೆಡಲಿನ ಮೇಲೆ ನಿಂತುಕೊಂಡೇ ತುಳಿದು ಬಂದ. ಬೀಗದವನು ಬರಲಿಲ್ಲ. ಬೇರೆ ಅಂಗಡಿಯಲ್ಲಿ ಹೊಸ ಸೀಟು ಹಾಕಿಸಿಕೊಂಡನಂತೆ. ಅವನ ಹಳೆಯದು ರಸ್ತೆಗೆ ಇಳಿಯುವುದಿಲ್ಲವಲ್ಲ, ಅಷ್ಟು ಸಾಕು.

ಪರದೆ ತೆಗೆದುಹಾಕಿದ್ದೆವು. ನಾನು ಕೆತ್ತಿದೆ, ಸುಟ್ಟೆ. ಅತ್ತಿಗೆ ಮೂಸಿದರು, ನಾನು ಸೀಟಿನ ಅಡಿ ಸೀಮೆಸುಣ್ಣದಲ್ಲಿ ಬರೆದೆ. ಮೇಣ, ಮೇಣ, ಮೇಣ, ಮೇಣ. ನಾಲ್ಕೂ ಸರಿ. ನರ್ಸಮ್ಮನ ಸೀಟಿನ ಚೂರಿಗೆ ಅತ್ತಿಗೆ ತಲೆ ಹಿಂದಕ್ಕೆ ತೆಗೆದು, ಮತ್ತೆ ಬಗ್ಗಿ, ಇನ್ನೊಂದು ಸಲ ಸುಡಿಸಿ, ಮೆಲ್ಲಗೆ, "ಕೂದಲು" ಎಂದರು. ಬೆಸುಗೆಯ ಅಂಚಿಗೆ ಉಗುರು ಹಾಕಿದೆ. ಒಂದೇ ಎಳೆತಕ್ಕೆ ಪೂರ್ತಿ ಎದ್ದು ಬಂತು, ಗಾಯದ ಒಣ ಸಿಪ್ಪೆಯ ಹಾಗೆ. ನರ್ಸಮ್ಮ ಅದನ್ನು ನೋಡಿದರು, ನನ್ನನ್ನು ನೋಡಿದರು. "ಬುಧವಾರದೊಳಗೆ ಬೇಕು" ಎಂದು ಹೇಳಿ, ಮಗಳ ಕೈ ಹಿಡಿದು ನಡೆದುಕೊಂಡು ಹೋದರು.

ಒಂಬತ್ತರ ಸುಮಾರಿಗೆ ಬ್ರೆಡ್ಡಣ್ಣ ಬಂದ. ಒಂದು ಕೈ ಜೋಳಿಗೆಯಲ್ಲಿ, ಇನ್ನೊಂದರಲ್ಲಿ ಕಾಗದದ ಪೊಟ್ಟಣ. ಬೆಂಚಿನ ಮೇಲೆ ಕೂತು, ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಒಂದು ಬನ್ನು ತೆಗೆದ. ನನ್ನ ಎದುರೇ ತಿಂದ. ಅವಸರವಿಲ್ಲದೆ, ಒಂದೊಂದು ತುತ್ತನ್ನೂ ಅಗಿದು. ಅದು ಮುಗಿದ ಮೇಲೆ ಇನ್ನೊಂದು. ನನ್ನ ಜೊತೆ ಮಾತಾಡಲಿಲ್ಲ. ಅತ್ತಿಗೆಯನ್ನು ಕೇಳಿದ:

"ಅಮ್ಮಾ, ನನ್ನ ಸೀಟು ಯಾವುದು?"

"ಕೂದಲು ಕಣಪ್ಪ."

"ಹಾಗಾದ್ರೆ ಕೂದಲ ಕಡ್ಡೀನೇ ಹಾಕ್ಲಿ. ನೀವು ಪಕ್ಕದಲ್ಲಿ ನಿಂತಿರಿ."

ಎದ್ದು ಹೋದ. ಪೊಟ್ಟಣ ಬೆಂಚಿನ ಮೇಲೆಯೇ ಉಳಿದಿತ್ತು, ಒಳಗೆ ಮೂರನೇ ಬನ್ನು. ಮರೆತನೋ, ಬಿಟ್ಟನೋ ತಿಳಿಯಲಿಲ್ಲ. ಕೂಗಿದೆ, ತಿರುಗಿ ನೋಡಲಿಲ್ಲ. ಅತ್ತಿಗೆ ಅದನ್ನು ಮುರಿದು ಅರ್ಧ ನನಗೆ ಕೊಟ್ಟರು. ನಿಂತಲ್ಲೇ ತಿಂದು, ಕೈ ಒರೆಸಿಕೊಂಡು, ನರ್ಸಮ್ಮನ ಸೀಟಿನ ಹಳೆ ಬೆಸುಗೆ ಕೆತ್ತಲು ಕೂತೆವು.